ಸಕ್ಕರೆ ಕಡಿಮೆ ಮಾಡಿದ ಮನೆಯ ಕೆಚಪ್ ಬೇಗ ಕೆಡುವುದೇಕೆ?

ಪ್ರಶ್ನೆ: ನನ್ನ ಇಬ್ಬರು ಮಕ್ಕಳಿಗೆ ದೋಸೆ, ಚಪಾತಿ, ಉಪ್ಪಿಟ್ಟು ಯಾವುದಕ್ಕೂ ಟೊಮೆಟೊ ಕೆಚಪ್ ಬೇಕೇ ಬೇಕು. ಅಂಗಡಿಯ ಬಾಟಲಿಯ ಹಿಂಬದಿಯಲ್ಲಿ ಸಕ್ಕರೆಯ ಪ್ರಮಾಣವನ್ನೂ ‘ಐಎನ್‌ಎಸ್ 211’ ಎಂಬುದನ್ನೂ ಓದಿ ಗಾಬರಿಯಾಗಿ ಮನೆಯಲ್ಲೇ ತಯಾರಿಸಿದೆ. ಬೆಳಿಗ್ಗೆ ಹಣ್ಣುಗಳನ್ನು ಹಸಿಯಾಗಿಯೇ ರುಬ್ಬಿಟ್ಟು, ಮಧ್ಯಾಹ್ನ ಕುದಿಸಿ, ಸಕ್ಕರೆಯ ಬದಲು ಸ್ವಲ್ಪ ಬೆಲ್ಲ, ವಿನೆಗರ್ ಬದಲು ನಿಂಬೆರಸ ಹಾಕಿ, ಕಾರ್ನ್‌ಫ್ಲೋರ್ ಸೇರಿಸಿ ಗಟ್ಟಿ ಮಾಡಿದೆ. ಫ್ರಿಜ್‌ನಲ್ಲಿಟ್ಟರೂ ಮೂರನೇ ದಿನಕ್ಕೆ ನೀರು ಬಿಟ್ಟುಕೊಂಡಿತು, ಹನ್ನೊಂದನೇ ದಿನ ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ಬೂಷ್ಟು ಕಾಣಿಸಿತು. ಮಕ್ಕಳಂತೂ ಮೊದಲ ದಿನವೇ ‘ಇದು ಸಾರು’ ಎಂದಿದ್ದರು. ಬೂಷ್ಟನ್ನು ತೆಗೆದು ಉಳಿದದ್ದನ್ನು ಬಳಸಬಹುದಿತ್ತೇ? ಸಂರಕ್ಷಕ ಹಾಕದೆ, ಸಕ್ಕರೆ ಕಡಿಮೆ ಮಾಡಿ, ಒಂದು ತಿಂಗಳು ಉಳಿಯುವಂತೆ ಕೆಚಪ್ ಮಾಡಲು ಸಾಧ್ಯವೇ?
— ಓದುಗರು, ಹಾಸನ

ಉತ್ತರ: ಬೂಷ್ಟಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಬಳಸಬಾರದಿತ್ತು. ಕಣ್ಣಿಗೆ ಕಾಣುವ ಬಿಳಿಯ ಪದರ ಬೂಷ್ಟಿನ ಮೇಲ್ಭಾಗ ಮಾತ್ರ. ಕೆಚಪ್‌ನಂಥ ಮೆದುವಾದ, ನೀರಿನಂಶ ಹೆಚ್ಚಿರುವ ಪದಾರ್ಥದಲ್ಲಿ ಅದರ ಎಳೆಗಳು ಆಳಕ್ಕೆ ಇಳಿದಿರುತ್ತವೆ, ಕೆಲವು ಬಗೆಯ ಬೂಷ್ಟು ಬಿಡುವ ವಿಷ ಮತ್ತೆ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಬೂಷ್ಟು ಬೆಳೆಯುತ್ತಾ ಪದಾರ್ಥದಲ್ಲಿರುವ ಆಮ್ಲವನ್ನೇ ತಿನ್ನುತ್ತದೆ, ಹುಳಿ ಇಳಿದ ಜಾಗದಲ್ಲಿ ಅದುವರೆಗೆ ತಲೆಯೆತ್ತಲಾಗದಿದ್ದ ಬ್ಯಾಕ್ಟೀರಿಯಾಗಳಿಗೆ ದಾರಿಯಾಗುತ್ತದೆ. ಬಾಟಲಿಯಲ್ಲಿ ಗುಳ್ಳೆ ಎದ್ದಿದ್ದರೆ, ಮುಚ್ಚಳ ಉಬ್ಬಿದ್ದರೆ, ತೆರೆದಾಗ ‘ಬುಸ್’ ಎಂದರೆ, ಹೆಂಡದ ವಾಸನೆ ಬಂದರೆ ನಾಲಿಗೆಯ ತುದಿಗೂ ತಾಗಿಸದೆ ಚೆಲ್ಲಬೇಕು.

ಎರಡನೆಯ ಪ್ರಶ್ನೆಗೆ ಉತ್ತರ, ಸಾಧ್ಯ. ಆದರೆ ಒಂದು ಮಾತನ್ನು ಅರ್ಥ ಮಾಡಿಕೊಂಡರಷ್ಟೇ ಸಾಧ್ಯ: ಕೆಚಪ್‌ನಲ್ಲಿ ಸಕ್ಕರೆ, ಉಪ್ಪು, ವಿನೆಗರ್ ಈ ಮೂರೂ ರುಚಿಗಾಗಿ ಮಾತ್ರ ಇರುವುದಿಲ್ಲ, ಕಾವಲಿಗಾಗಿಯೂ ಇರುತ್ತವೆ. ಕಾವಲುಗಾರರನ್ನು ಕಡಿಮೆ ಮಾಡಿದಾಗ ಅವರ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳಬೇಕು. ನೀವು ಸಕ್ಕರೆ ಇಳಿಸಿದಿರಿ, ವಿನೆಗರ್ ತೆಗೆದಿರಿ, ನೀರನ್ನು ಆವಿಯಾಗಿಸುವ ಬದಲು ಕಾರ್ನ್‌ಫ್ಲೋರ್‌ನಲ್ಲಿ ಹಿಡಿದಿಟ್ಟಿರಿ. ಎಲ್ಲ ಹೊರೆಯೂ ಫ್ರಿಜ್ ಒಂದರ ಮೇಲೆ ಬಿತ್ತು. ಅದು ಹತ್ತು ದಿನ ತಡೆದದ್ದೇ ಹೆಚ್ಚು.

ಈ ಮಾತು ಕೆಚಪ್‌ನ ಇತಿಹಾಸದಲ್ಲೇ ಇದೆ. 1812ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಜೇಮ್ಸ್ ಮೀಸ್ ಪ್ರಕಟಿಸಿದ ಟೊಮೆಟೊ ಕೆಚಪ್‌ನ ವಿಧಾನದಲ್ಲಿ ಸಕ್ಕರೆಯೂ ಇರಲಿಲ್ಲ, ವಿನೆಗರ್ ಕೂಡ ಇರಲಿಲ್ಲ; ಮಸಾಲೆ ಮತ್ತು ಬ್ರಾಂದಿ ಇದ್ದವು. ಮುಂದೆ ಕಾರ್ಖಾನೆಗಳು ಕೆಚಪ್ ತಯಾರಿಸತೊಡಗಿದಾಗ ಅದು ಕೆಡದಂತೆ ಸೋಡಿಯಂ ಬೆಂಜೋಯೇಟ್ ಬಳಕೆಗೆ ಬಂತು. 1906ರ ಆಹಾರ ಶುದ್ಧತೆಯ ಕಾನೂನಿನ ಸುತ್ತ ಅಮೆರಿಕದಲ್ಲಿ ನಡೆದ ವಾದವಿವಾದಗಳಲ್ಲಿ ಸರ್ಕಾರದ ಮುಖ್ಯ ರಸಾಯನ ವಿಜ್ಞಾನಿ ಹಾರ್ವೆ ವೈಲಿ ಬೆಂಜೋಯೇಟನ್ನು ಕಟುವಾಗಿ ವಿರೋಧಿಸಿದರು, ಹೈಂಜ್ ಕಂಪನಿ ಅದಿಲ್ಲದೆಯೇ ಕೆಚಪ್ ಮಾಡಿ ತೋರಿಸಿತು. ಹೇಗೆಂದರೆ, ಚೆನ್ನಾಗಿ ಮಾಗಿದ ಹಣ್ಣನ್ನು ಬಳಸಿ, ವಿನೆಗರ್ ಮತ್ತು ಸಕ್ಕರೆಯನ್ನು ಮೊದಲಿಗಿಂತ ಬಹಳ ಹೆಚ್ಚಿಸಿ. ಇಂದು ಬಾಟಲಿಯ ಮೇಲೆ ‘ಸಂರಕ್ಷಕಗಳಿಲ್ಲ’ ಎಂದು ಓದಿದಾಗ, ಆ ಕೆಲಸವನ್ನು ಸಕ್ಕರೆ ಮತ್ತು ಹುಳಿ ಮಾಡುತ್ತಿರಬಹುದು ಎಂದು ತಿಳಿದು, ಪೌಷ್ಟಿಕಾಂಶದ ಪಟ್ಟಿಯಲ್ಲಿ ಸೇರಿಸಿದ ಸಕ್ಕರೆಯ ಸಾಲನ್ನು ನೋಡಬೇಕು.

ಹಾಗಾಗಿ ನಿಮ್ಮನ್ನು ಗಾಬರಿಗೊಳಿಸಿದ ಎರಡು ಸಂಗತಿಗಳಲ್ಲಿ ನನ್ನ ದೃಷ್ಟಿಯಲ್ಲಿ ಸಕ್ಕರೆಯೇ ದೊಡ್ಡದು. ಐಎನ್‌ಎಸ್ 211 ಎಂದರೆ ಸೋಡಿಯಂ ಬೆಂಜೋಯೇಟ್. ಹುಳಿ ಪದಾರ್ಥಗಳಲ್ಲಿ ಯೀಸ್ಟ್ ಮತ್ತು ಬೂಷ್ಟನ್ನು ತಡೆಯಲು ಅದನ್ನು ಕಾನೂನಿನ ಮಿತಿಯೊಳಗೆ ಬಳಸುತ್ತಾರೆ, ಆ ಮಿತಿ ಒಂದು ಕೆ.ಜಿ. ಕೆಚಪ್‌ಗೆ ಒಂದು ಗ್ರಾಂ ಕೂಡ ಮೀರುವುದಿಲ್ಲ. ಅದೇ ಬಾಟಲಿಯಲ್ಲಿ 100 ಗ್ರಾಂಗೆ 20ರಿಂದ 30 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. 15 ಗ್ರಾಂ ಹಿಡಿಯುವ ಒಂದು ದೊಡ್ಡ ಚಮಚಕ್ಕೆ 3ರಿಂದ 4.5 ಗ್ರಾಂ ಆಯಿತು. ದಿನಕ್ಕೆ ಮೂರು ಬಾರಿ, ಒಂದೊಂದು ಬಾರಿಗೆ ಎರಡು ಚಮಚ ತಿನ್ನುವ ಮಗುವಿಗೆ ಕೆಚಪ್ ಒಂದರಿಂದಲೇ ಸುಮಾರು 18ರಿಂದ 27 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಬೆಳೆದವರಿಗೂ ದಿನಕ್ಕೆ 25 ಗ್ರಾಂನ ಒಳಗಿದ್ದರೆ ಒಳ್ಳೆಯದೆನ್ನುತ್ತದೆ. ಮನೆಯ ಕೆಚಪ್‌ಗೆ ಬೆಂಜೋಯೇಟ್ ಬೇಡ ಎಂಬ ನಿಮ್ಮ ನಿಲುವನ್ನು ನಾನು ಬೇರೆ ಕಾರಣಕ್ಕೆ ಒಪ್ಪುತ್ತೇನೆ: ಅರ್ಧ ಗ್ರಾಂ ಪುಡಿಯನ್ನು ಸರಿಯಾಗಿ ತೂಗುವ ತಕ್ಕಡಿ ಹೆಚ್ಚಿನ ಅಡುಗೆಮನೆಗಳಲ್ಲಿ ಇರುವುದಿಲ್ಲ, ಕಣ್ಣಂದಾಜಿನಲ್ಲಿ ಹಾಕುವ ವಸ್ತು ಅದಲ್ಲ.

ಬೆಲ್ಲದ ವಿಷಯದಲ್ಲಿ ಓದುಗರು ಬೇಸರಪಟ್ಟುಕೊಂಡರೂ ಹೇಳಬೇಕಾಗುತ್ತದೆ. ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಖನಿಜಾಂಶ, ಒಂದು ಬಾರಿಗೆ ತಿನ್ನುವ ಕೆಚಪ್‌ನ ಲೆಕ್ಕದಲ್ಲಿ, ಗಣನೆಗೆ ಬರುವಷ್ಟಿಲ್ಲ. ಜೇನುತುಪ್ಪಕ್ಕೂ ಇದೇ ಮಾತು. ಒಂದು ವರ್ಷ ತುಂಬದ ಮಗು ಮನೆಯಲ್ಲಿದ್ದರೆ ಜೇನು ಸೇರಿದ ಯಾವುದನ್ನೂ ಅದಕ್ಕೆ ಕೊಡಬಾರದು. ಬೆಲ್ಲದ ರುಚಿ ಇಷ್ಟವಿದ್ದರೆ ಧಾರಾಳವಾಗಿ ಬಳಸಿ, ಆದರೆ ಕರಗಿಸಿ ಸೋಸಿಕೊಳ್ಳಿ, ಬಣ್ಣ ಕಂದಾಗುವುದನ್ನು ಒಪ್ಪಿಕೊಳ್ಳಿ, ಸಕ್ಕರೆಯಷ್ಟೇ ಕಟ್ಟುನಿಟ್ಟಾಗಿ ತೂಗಿ ಹಾಕಿ. ಎರಡು ಮೂರು ಖರ್ಜೂರವನ್ನು ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಸಿ, ರುಬ್ಬಿ ಹಾಕುವುದು ನನಗೆ ಹೆಚ್ಚು ಇಷ್ಟ, ಏಕೆಂದರೆ ಸಿಹಿಯ ಜೊತೆಗೆ ನಾರೂ ಬರುತ್ತದೆ, ಕೆಚಪ್ ಮಂದವಾಗುತ್ತದೆ. ಸ್ಟೀವಿಯಾದಂಥ ಬದಲಿ ಸಿಹಿ ನಾಲಿಗೆಗೆ ಮಾತ್ರ ಸಕ್ಕರೆ. ಮಂದತೆಯನ್ನಾಗಲಿ ಕಾವಲನ್ನಾಗಲಿ ಅದು ಕೊಡದು.

ನಿಮ್ಮ ಮಕ್ಕಳು ‘ಸಾರು’ ಎಂದದ್ದು ಸರಿಯಾದ ತೀರ್ಪು. ಟೊಮೆಟೊದಲ್ಲಿ ಸುಮಾರು 94–95 ಭಾಗ ನೀರು. ಕರಗಿರುವ ಘನಾಂಶ, ಎಂದರೆ ಹಣ್ಣಿನ ಸಕ್ಕರೆ, ಹುಳಿ, ಲವಣ ಎಲ್ಲ ಸೇರಿ, ಶೇ 4ರಿಂದ 5 ಮಾತ್ರ. ನಮ್ಮ ದೇಶದ ಆಹಾರ ಸುರಕ್ಷತಾ ಮಾನದಂಡದಂತೆ ಮಾರಾಟಕ್ಕಿರುವ ಕೆಚಪ್‌ನಲ್ಲಿ ಇದು ಕನಿಷ್ಠ ಶೇ 25 ಇರಬೇಕು, ಹುಳಿ ಅಸಿಟಿಕ್ ಆಮ್ಲದ ಲೆಕ್ಕದಲ್ಲಿ ಕನಿಷ್ಠ ಶೇ 1 ಇರಬೇಕು. ಈ ದೂರವನ್ನು ಕ್ರಮಿಸಲು ಎರಡು ದಾರಿ: ನೀರನ್ನು ಹೊರಗೆ ಕಳಿಸುವುದು, ಇಲ್ಲವೇ ಸಕ್ಕರೆಯನ್ನು ಒಳಗೆ ತರುವುದು. ಎರಡನೆಯದು ಅಗ್ಗ ಮತ್ತು ಬೇಗ. ಮೊದಲನೆಯದಕ್ಕೆ ಗ್ಯಾಸೂ ಸಮಯವೂ ಬೇಕು. ಆರೋಗ್ಯಕರ ಕೆಚಪ್ ಎಂದರೆ ನನ್ನ ಪ್ರಕಾರ ಮೊದಲನೆಯ ದಾರಿಯಲ್ಲಿ ಹೆಚ್ಚು ದೂರ ನಡೆದ ಕೆಚಪ್. ಕಾರ್ನ್‌ಫ್ಲೋರ್ ಇವೆರಡರಲ್ಲಿ ಯಾವುದೂ ಅಲ್ಲ. ಅದು ನೀರನ್ನು ತಾತ್ಕಾಲಿಕವಾಗಿ ಕಟ್ಟಿಹಾಕುತ್ತದೆ. ಹುಳಿಯಲ್ಲಿ ಕುದಿದಾಗ ಪಿಷ್ಟ ಒಡೆಯುತ್ತದೆ, ಫ್ರಿಜ್‌ನ ತಂಪಿನಲ್ಲಿ ಕುಗ್ಗಿ ಹಿಡಿದಿದ್ದ ನೀರನ್ನು ಬಿಟ್ಟುಕೊಡುತ್ತದೆ. ಮೂರನೇ ದಿನ ನೀವು ಕಂಡದ್ದು ಇದನ್ನೇ.

ನೀರು ಬಿಡಲು ಇನ್ನೊಂದು ಕಾರಣ ಹಣ್ಣನ್ನು ಹಸಿಯಾಗಿ ರುಬ್ಬಿ ಮಧ್ಯಾಹ್ನದವರೆಗೆ ಇಟ್ಟದ್ದು. ಮನೆಯಲ್ಲಿ ಕೆಚಪ್ ಮಾಡುವವರಲ್ಲಿ ಬಹುತೇಕರಿಗೆ ಗೊತ್ತಿಲ್ಲದ ಸಂಗತಿ ಇದಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಟೊಮೆಟೊಗೆ ತನ್ನದೇ ಆದ ಗಟ್ಟಿಗೊಳಿಸುವ ವಸ್ತುವಿದೆ, ಅದು ಪೆಕ್ಟಿನ್. ಆ ಪೆಕ್ಟಿನ್ ಅನ್ನು ಕತ್ತರಿಸುವ ಕಿಣ್ವಗಳೂ ಅದೇ ಹಣ್ಣಿನಲ್ಲಿವೆ. ಹಣ್ಣು ಇಡಿಯಾಗಿರುವಾಗ ಇವೆರಡೂ ಬೇರೆ ಬೇರೆ ಕಡೆ ಇರುತ್ತವೆ. ಕತ್ತರಿಸಿದ ಅಥವಾ ರುಬ್ಬಿದ ಕ್ಷಣದಿಂದ ಒಂದಕ್ಕೊಂದು ಸೇರಿ ಪೆಕ್ಟಿನ್ ಚೂರಾಗತೊಡಗುತ್ತದೆ, ರಸ ತೆಳ್ಳಗಾಗುತ್ತದೆ. ಬಿಸಿ 85–90 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಕೆಚಪ್‌ಗೆ ತಿರುಳು ತಯಾರಿಸುವ ಕಾರ್ಖಾನೆಗಳಲ್ಲಿ ಹಣ್ಣನ್ನು ಜಜ್ಜಿದ ಕೂಡಲೇ ಈ ಬಿಸಿಗೆ ಏರಿಸುವುದು ಇದಕ್ಕಾಗಿಯೇ. ಮನೆಯಲ್ಲಿ ಮಾಡಬೇಕಾದ್ದು ಸರಳ: ಪಾತ್ರೆಯನ್ನು ಮೊದಲು ಒಲೆಯ ಮೇಲಿಟ್ಟು, ನಾಲ್ಕೈದು ಹಣ್ಣುಗಳನ್ನಷ್ಟೇ ಹೆಚ್ಚಿ ಹಾಕಿ ಸೌಟಿನಿಂದ ಅಮುಕಿ ಜೋರಾಗಿ ಕುದಿ ಬರಿಸಿ, ಆ ಕುದಿಯುವ ರಸಕ್ಕೆ ಉಳಿದ ಹಣ್ಣುಗಳನ್ನು ಹೆಚ್ಚುತ್ತಾ, ಕುದಿ ನಿಲ್ಲದಂತೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗುವುದು. ರುಬ್ಬುವುದು, ಸೋಸುವುದು ಎಲ್ಲ ಬೆಂದ ಮೇಲೆ.

ಹಣ್ಣಿನ ಆಯ್ಕೆಯಲ್ಲಿ ನಾಟಿಯೇ ಶ್ರೇಷ್ಠ ಎಂಬ ನಂಬಿಕೆ ಸಾರಿಗೆ ಸರಿ, ಕೆಚಪ್‌ಗೆ ಅಷ್ಟಾಗಿ ಸರಿಯಲ್ಲ. ನಾಟಿ ಹಣ್ಣಿನಲ್ಲಿ ರಸ, ಬೀಜ, ಹುಳಿ ಹೆಚ್ಚು. ನೀರನ್ನು ಇಂಗಿಸಿದಾಗ ಹುಳಿಯೂ ಮೂರು ಪಟ್ಟು ಸಾಂದ್ರವಾಗುತ್ತದೆ, ಅದನ್ನು ಸಮದೂಗಿಸಲು ಕೈ ತಾನಾಗಿ ಸಕ್ಕರೆಯ ಡಬ್ಬಿಯತ್ತ ಹೋಗುತ್ತದೆ. ಆದ್ದರಿಂದ ಮೂರರಲ್ಲಿ ಎರಡು ಭಾಗ ಗಟ್ಟಿ ತಿರುಳಿನ ಹೈಬ್ರಿಡ್ ಹಣ್ಣು, ಒಂದು ಭಾಗ ನಾಟಿ ಎಂಬುದು ನನ್ನ ಅನುಭವದ ಅಳತೆ. ಯಾವುದೇ ಆದರೂ ತೊಟ್ಟಿನವರೆಗೆ ಕೆಂಪಾಗಿ ಮಾಗಿರಲಿ. ಹಸಿರು ಭುಜದ ಹಣ್ಣನ್ನು ಎರಡು ದಿನ ಹೊರಗಿಟ್ಟು ಮಾಗಿಸಿ. ಕೊಳೆತ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಹಾಕುವ ಉಳಿತಾಯ ಬೇಡ. ಕೋಲಾರದ ಮಾರುಕಟ್ಟೆಯಲ್ಲಿ 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ಕಾಲದಲ್ಲಿ ಅದೇ ಹಣ್ಣನ್ನು ರೈತರು ರಸ್ತೆಗೆ ಸುರಿದದ್ದೂ ಉಂಟು. ಬೆಲೆ ಇಳಿದಾಗ ಹೆಚ್ಚು ಕೊಂಡು, ಬೇಯಿಸಿ ಸೋಸಿದ ತಿರುಳನ್ನು ಫ್ರೀಜರ್‌ನಲ್ಲಿಟ್ಟುಕೊಂಡರೆ ಬೇಕೆನಿಸಿದಾಗ ಕೆಚಪ್ ಮಾಡಬಹುದು.

ಈಗ ಅಳತೆ. 2 ಕೆ.ಜಿ. ಹಣ್ಣಿಗೆ ಒಂದು ದೊಡ್ಡ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಬೀಜ ಕೊಡವಿದ ಮೂರು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಮಕ್ಕಳ ನಾಲಿಗೆ ಸುಡುವುದಿಲ್ಲ. ಬಣ್ಣಕ್ಕಾಗಿ ಬೀಟ್‌ರೂಟ್ ಹಾಕುವ ರೂಢಿಗಿಂತ ಇದು ಮೇಲು, ಏಕೆಂದರೆ ಬೀಟ್‌ರೂಟ್, ಕ್ಯಾರೆಟ್, ಕುಂಬಳದಂಥ ಹುಳಿಯಿಲ್ಲದ ತರಕಾರಿ ಸೇರಿದಷ್ಟೂ ಕೆಚಪ್‌ನ ಹುಳಿ ಇಳಿಯುತ್ತದೆ. ಈರುಳ್ಳಿಯನ್ನು ಒಣ ಬಾಣಲೆಯಲ್ಲಿ ಕಂದು ಬಣ್ಣ ಬರುವಂತೆ ಹುರಿದುಕೊಂಡರೆ ಅದರ ಸಿಹಿ ಮುಂದೆ ಬರುತ್ತದೆ, ಆ ಮಟ್ಟಿಗೆ ಸಕ್ಕರೆ ಉಳಿಯುತ್ತದೆ. ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಅರ್ಧ ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆಯನ್ನು ತರಿಯಾಗಿ ಜಜ್ಜಿ ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳಿ. ಲವಂಗದ ತಲೆಯನ್ನು ಚಿವುಟಿ ತೆಗೆಯಬೇಕೆಂದು ಹಣ್ಣು ಸಂಸ್ಕರಣೆಯ ಪಠ್ಯಗಳು ಹೇಳುವುದುಂಟು. ಮಸಾಲೆಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಅಂಶದೊಡನೆ ಸೇರಿ ಬಾಟಲಿಯ ಕುತ್ತಿಗೆಯಲ್ಲಿ ಕಪ್ಪು ಉಂಗುರ ಕಟ್ಟುವುದನ್ನು ತಡೆಯುವ ಹಳೆಯ ಉಪಾಯವದು. ಪಾತ್ರೆ ದಪ್ಪ ತಳದ ಸ್ಟೀಲ್‌ನದೇ ಆಗಿರಲಿ. ಅಲ್ಯೂಮಿನಿಯಂ, ಹಿಂಡಾಲಿಯಂ, ಕಬ್ಬಿಣದ ಬಾಣಲೆ, ಕಲಾಯಿ ಇಲ್ಲದ ಹಿತ್ತಾಳೆ ಇವು ಗಂಟೆಗಟ್ಟಲೆ ಕುದಿಯುವ ಹುಳಿಗೆ ತಕ್ಕವಲ್ಲ.

ಮೇಲೆ ಹೇಳಿದಂತೆ ಹಣ್ಣನ್ನು ಕುದಿಯಲ್ಲೇ ಬೇಯಿಸಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿಯನ್ನೂ ಜೊತೆಯಲ್ಲೇ ಹಾಕಿ ಇಪ್ಪತ್ತು ನಿಮಿಷದ ನಂತರ ಆರಿಸಿ, ಮಿಕ್ಸಿಯಲ್ಲಿ ಸ್ವಲ್ಪ ಹೊತ್ತು ಮಾತ್ರ ತಿರುಗಿಸಿ, ಬೀಜ ಪುಡಿಯಾಗುವ ಮೊದಲೇ ನಿಲ್ಲಿಸಿ, ಸ್ಟೀಲ್ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ಉಜ್ಜಿ ಸೋಸಬೇಕು. ಸಿಪ್ಪೆಯಲ್ಲಿ ನಾರೂ ಕೆಂಪು ಬಣ್ಣದ ಲೈಕೋಪೀನ್ ಕೂಡ ಹೆಚ್ಚಿರುವುದರಿಂದ ಅದನ್ನು ಎಸೆಯಲು ಮನಸ್ಸು ಬಾರದವರು ಸಿಪ್ಪೆಯನ್ನಷ್ಟೇ ಆರಿಸಿ, ನುಣ್ಣಗೆ ರುಬ್ಬಿ ಮರಳಿ ಸೇರಿಸಬಹುದು. ಕೆಚಪ್ ತುಸು ತರಿಯಾಗುತ್ತದೆ, ಮಕ್ಕಳು ಒಪ್ಪುತ್ತಾರೋ ಇಲ್ಲವೋ ನೋಡಿ. ಕುದಿಸಿದರೆ ಸತ್ವವೆಲ್ಲ ಹೋಗುತ್ತದೆಂಬ ಚಿಂತೆ ಬೇಡ. ವಿಟಮಿನ್ ಸಿ ಬಹಳಷ್ಟು ಹೋಗುವುದು ನಿಜ, ಆದರೆ ಬೆಂದ ಟೊಮೆಟೊದ ಲೈಕೋಪೀನ್ ಹಸಿಯದಕ್ಕಿಂತ ಚೆನ್ನಾಗಿ ದೇಹಕ್ಕೆ ಸಿಗುತ್ತದೆ; ಅದಕ್ಕೆ ಬೇಕಾದ ತುಸು ಕೊಬ್ಬು ದೋಸೆಯ ಎಣ್ಣೆಯಲ್ಲೇ ಇದೆ.

ಸೋಸಿದ ತಿರುಳನ್ನು ಅಗಲ ಬಾಯಿಯ ಪಾತ್ರೆಗೆ ಹಾಕಿ, ಸೌಟಿನ ಹಿಡಿಯನ್ನು ನೇರವಾಗಿ ತಳ ಮುಟ್ಟುವಂತೆ ನಿಲ್ಲಿಸಿ, ತಿರುಳು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಗುರುತು ಮಾಡಿಕೊಳ್ಳಿ. ಮಸಾಲೆ ಗಂಟನ್ನು ಮುಳುಗಿಸಿ, ಮುಚ್ಚಳವಿಲ್ಲದೆ ಮಧ್ಯಮ ಉರಿಯಲ್ಲಿ ಕುದಿಸಿ. ಒಟ್ಟು 40 ಗ್ರಾಂ ಸಕ್ಕರೆಯಲ್ಲಿ ಮೂರನೇ ಒಂದು ಭಾಗವನ್ನು ಆರಂಭದಲ್ಲಿ, ಉಳಿದದ್ದನ್ನು ಮಂದವಾದ ಮೇಲೆ ಹಾಕಬೇಕು. ಪೂರ್ತಿ ಮೊದಲೇ ಹಾಕಿದರೆ ತಳ ಹಿಡಿದು ಬಣ್ಣ ಕಂದುತ್ತದೆ. 8 ಗ್ರಾಂ ಉಪ್ಪು ಕೊನೆಗೆ. ಮಂದವಾಗುತ್ತಿದ್ದಂತೆ ಕೆಚಪ್ ಬಿಸಿ ಗುಳ್ಳೆಗಳಾಗಿ ಸಿಡಿಯುತ್ತದೆ, ಮಕ್ಕಳನ್ನು ಒಲೆಯ ಬಳಿ ಬಿಡಬೇಡಿ. ಸೌಟಿನ ಗುರುತಿನ ಮೂರನೇ ಒಂದು ಭಾಗಕ್ಕೆ ಇಳಿದಾಗ ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿ ಒಂದು ನಿಮಿಷ ಕಾಯಿರಿ. ಹನಿಯ ಸುತ್ತ ನೀರಿನ ಬಳೆ ಕಟ್ಟದಿದ್ದರೆ ಹದ ಬಂದಿದೆ. ಬಳೆ ಕಂಡರೆ ಇನ್ನೂ ಐದು ನಿಮಿಷ.

ಈಗ ವಿನೆಗರ್, 60 ಮಿ.ಲೀ. ಮೊದಲೇ ಹಾಕಿದರೆ ಆವಿಯ ಜೊತೆ ಹೋಗುತ್ತದೆಯಾದ್ದರಿಂದ ಕೊನೆಗೇ ಹಾಕಿ, ಎರಡು ಮೂರು ನಿಮಿಷ ಮಾತ್ರ ಕುದಿಸಿ. ಅಂಗಡಿಯಲ್ಲಿ ಸಿಗುವ ವಿನೆಗರ್ ಸಾಮಾನ್ಯವಾಗಿ ಶೇ 4ರ ಆಸುಪಾಸಿನದು. ಸಿಂಥೆಟಿಕ್ ಎಂದು ಬರೆದದ್ದರ ಬದಲು ಹುದುಗಿಸಿ ತಯಾರಿಸಿದ್ದನ್ನು ಕೊಂಡರೆ ಪರಿಮಳ ಮೃದುವಾಗಿರುತ್ತದೆ. ನಿಂಬೆರಸ ಏಕೆ ಸಾಲದು ಎಂದರೆ, ಅದರ ಸಿಟ್ರಿಕ್ ಆಮ್ಲ ಹುಳಿಯನ್ನು ಚೆನ್ನಾಗಿಯೇ ಹೆಚ್ಚಿಸುತ್ತದೆ, ಆದರೆ ವಿನೆಗರ್‌ನ ಅಸಿಟಿಕ್ ಆಮ್ಲದಂತೆ ಬೂಷ್ಟು, ಯೀಸ್ಟ್‌ಗಳ ಜೀವಕೋಶದೊಳಗೆ ನುಗ್ಗಿ ಅವುಗಳನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಹುಳಿಯ ಮಹತ್ವ ಇನ್ನೂ ಒಂದಿದೆ. ಬಾಟುಲಿಸಂ ಎಂಬ ಮಾರಕ ಕಾಯಿಲೆಯ ವಿಷವನ್ನುಂಟುಮಾಡುವ ಬ್ಯಾಕ್ಟೀರಿಯಾ, ಹುಳಿಯ ಅಳತೆಯಾದ ಪಿ.ಎಚ್. (ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ) 4.6ಕ್ಕಿಂತ ಕೆಳಗಿದ್ದರೆ ಬೆಳೆಯಲಾರದು. ಟೊಮೆಟೊ ಸಾಮಾನ್ಯವಾಗಿ ಈ ಗೆರೆಯ ಕೆಳಗಿದ್ದರೂ ಬಹಳ ಹತ್ತಿರದಲ್ಲಿರುತ್ತದೆ, ಅತಿಯಾಗಿ ಮಾಗಿದ ಹಣ್ಣು ಕೆಲವೊಮ್ಮೆ ಗೆರೆ ದಾಟುತ್ತದೆ. ಸಕ್ಕರೆಯನ್ನು ನಿಮ್ಮಿಷ್ಟದಂತೆ ಇನ್ನಷ್ಟು ಇಳಿಸಿ, ವಿನೆಗರ್ ಅನ್ನು ಮಾತ್ರ ಇಳಿಸಬೇಡಿ.

ಇಷ್ಟರಿಂದ 550ರಿಂದ 600 ಗ್ರಾಂ ಕೆಚಪ್ ಸಿಗುತ್ತದೆ. ಸೇರಿಸಿದ ಸಕ್ಕರೆ 100 ಗ್ರಾಂಗೆ ಸುಮಾರು 7 ಗ್ರಾಂ, ಒಂದು ದೊಡ್ಡ ಚಮಚಕ್ಕೆ ಒಂದು ಗ್ರಾಂನಷ್ಟು. ಹಣ್ಣಿನದೇ ಸಕ್ಕರೆ ಇದಕ್ಕೆ ಹೊರತು. ಉಪ್ಪು 100 ಗ್ರಾಂಗೆ ಸುಮಾರು 1.4 ಗ್ರಾಂ, ಅಂಗಡಿಯ ಕೆಚಪ್‌ನಲ್ಲಿ ಸಾಮಾನ್ಯವಾಗಿ ಎರಡು ಗ್ರಾಂ ಮೀರಿರುತ್ತದೆ. ಮೊದಲ ಸಲಕ್ಕೆ ಮಕ್ಕಳು ಒಪ್ಪದಿದ್ದರೆ ಸಕ್ಕರೆಯನ್ನು 70 ಗ್ರಾಂಗೆ ಏರಿಸಿ, ಪ್ರತಿ ಬಾರಿ ಹತ್ತು ಹತ್ತು ಗ್ರಾಂ ಇಳಿಸುತ್ತಾ ಬನ್ನಿ. ನಾಲಿಗೆಯನ್ನು ಒಂದೇ ದಿನದಲ್ಲಿ ತಿದ್ದಲು ಹೋದವರು ಮತ್ತೆ ಅಂಗಡಿಯ ಬಾಟಲಿಗೇ ಮರಳಿದ್ದನ್ನು ಕಂಡಿದ್ದೇನೆ.

ಶೇಖರಣೆಯಲ್ಲಿ ನಿಮ್ಮ ತಪ್ಪು ದೊಡ್ಡ ಬಾಟಲಿ ಇದ್ದಿರಬಹುದೆಂದು ನನ್ನ ಊಹೆ. ಬಾಟಲಿ ಅರ್ಧ ಖಾಲಿಯಾದಾಗ ಒಳಗಿನ ತೇವ ಮುಚ್ಚಳದಡಿ ಹನಿಗಟ್ಟಿ ಕುತ್ತಿಗೆಗೆ ಇಳಿಯುತ್ತದೆ. ಅಲ್ಲಿ ಕೆಚಪ್ ತೆಳುವಾಗುತ್ತದೆ, ಗಾಳಿಯೂ ಇರುತ್ತದೆ, ಬೂಷ್ಟು ಮೊದಲು ಅಲ್ಲೇ ನೆಲೆಯೂರುತ್ತದೆ. 150ರಿಂದ 200 ಮಿ.ಲೀ. ಹಿಡಿಯುವ ಸಣ್ಣ ಗಾಜಿನ ಬಾಟಲಿಗಳನ್ನು ಮುಚ್ಚಳದ ಸಮೇತ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಕುದಿಯುವ ಕೆಚಪ್ ತುಂಬಿ, ಮೇಲೆ ಒಂದು ಸೆಂಟಿಮೀಟರ್ ಜಾಗ ಬಿಟ್ಟು ಮುಚ್ಚಿ. ತಣ್ಣಗಾದೊಡನೆ ಫ್ರಿಜ್‌ಗೆ. ಇಷ್ಟು ಕಡಿಮೆ ಸಕ್ಕರೆಯ ಕೆಚಪ್ ಫ್ರಿಜ್‌ನಲ್ಲಿ ಮೂರು ವಾರ ನಿಶ್ಚಿಂತೆಯಾಗಿ ಉಳಿಯುತ್ತದೆ. ತೆರೆದ ಬಾಟಲಿಯನ್ನು ಒಂದು ವಾರದಲ್ಲಿ ಮುಗಿಸಿ, ಒದ್ದೆ ಚಮಚ ಅದ್ದಬೇಡಿ. ನೀವು ಕೇಳಿದ ಒಂದು ತಿಂಗಳು ಮತ್ತು ಅದಕ್ಕೂ ಹೆಚ್ಚು ಬೇಕಿದ್ದರೆ ದಾರಿ ಫ್ರೀಜರ್. ಐಸ್ ಟ್ರೇಯಲ್ಲಿ ಕಟ್ಟಿಸಿ, ಗಟ್ಟಿಯಾದ ಬಿಲ್ಲೆಗಳನ್ನು ಡಬ್ಬಿಗೆ ತುಂಬಿಟ್ಟರೆ ಆರು ತಿಂಗಳವರೆಗೂ ಬಳಸಬಹುದು. ಕರಗಿದಾಗ ತುಸು ನೀರು ಬೇರ್ಪಟ್ಟರೆ ಚಮಚದಿಂದ ಕಲಕಿದರೆ ಸಾಕು. ಕಪಾಟಿನಲ್ಲಿ, ಹೊರಗಿನ ಬಿಸಿಯಲ್ಲಿ ಇಡುವ ಆಲೋಚನೆಯನ್ನು ಮಾತ್ರ ಈ ಅಳತೆಗೆ ಬಿಟ್ಟುಬಿಡಿ.

ಮನೆಯಲ್ಲಿ ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವ ಹಿರಿಯರಿದ್ದರೆ ಎರಡು ಮಾತು. ಟೊಮೆಟೊ ಇಂಗಿದಂತೆಲ್ಲ ಅದರ ಪೊಟ್ಯಾಸಿಯಂ ಕೂಡ ಸಾಂದ್ರವಾಗುತ್ತದೆ, ‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವುದರಲ್ಲಿಯೂ ಪೊಟ್ಯಾಸಿಯಂ ಇರುತ್ತದೆ. ಅಂಥವರಿಗೆ ಇವೆರಡನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ಮಧುಮೇಹಿಗಳಿಗೆ ಬೆಲ್ಲದ ಕೆಚಪ್ ಎಂಬ ವಿನಾಯಿತಿಯೂ ಇಲ್ಲ. ದೋಸೆ, ಚಪಾತಿಗೆ ವಾರದಲ್ಲಿ ಎರಡು ದಿನವಾದರೂ ಟೊಮೆಟೊ ಗೊಜ್ಜನ್ನು ಮುಂದಿಡಿ ಎಂಬುದು ನನ್ನ ಸಲಹೆ. ಅದನ್ನು ತಿಂಗಳು ಉಳಿಸುವ ಹಂಗಿಲ್ಲದ್ದರಿಂದಲೇ ಅದರಲ್ಲಿ ಇಷ್ಟು ಸಕ್ಕರೆ ಬೇಕಾಗುವುದಿಲ್ಲ. ಶಾಲೆಯ ಡಬ್ಬಿಗೆ ಕೆಚಪ್ ಕಟ್ಟುವುದಾದರೆ ಅಂದಿಗೆ ಬೇಕಾದ ಎರಡು ಚಮಚವನ್ನಷ್ಟೇ ಪುಟ್ಟ ಕರಡಿಗೆಯಲ್ಲಿ ಕಳಿಸಿ, ಉಳಿದು ಬಂದದ್ದನ್ನು ಬಾಟಲಿಗೆ ಮರಳಿ ಸೇರಿಸಬೇಡಿ.